ಬಿಟ್ಟುಹೋದ ಗಂಡ, ಬಿಡದ ಹೆಂಡತಿ: ‘ಪುಟ್ಟಕ್ಕನ ಮಕ್ಕಳು’ ಮತ್ತು ಅದರ ನೋಡುಗರು

‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಶುರುವಾದ ಧಾರಾವಾಹಿ. ನಿರ್ದೇಶನ ಆರೂರು ಜಗದೀಶ್ ಅವರದು, ಪುಟ್ಟಕ್ಕನ ಪಾತ್ರ ಉಮಾಶ್ರೀ ಅವರದು. ಕಥೆಯ ಬೇರು ತೆಲುಗಿನ ‘ರಾಧಮ್ಮ ಕೂತುರು’ ಧಾರಾವಾಹಿಯಲ್ಲಿದೆ. ಹೆಸರು ಮಕ್ಕಳದಾದರೂ ಕಥೆಯ ಗಂಟು ಇರುವುದು ಹೆತ್ತವರ ದಾಂಪತ್ಯದಲ್ಲಿ. ಮೂವರು ಹೆಣ್ಣುಮಕ್ಕಳಾದರು, ಗಂಡು ಹುಟ್ಟಲಿಲ್ಲ ಎಂದು ಗಂಡ ಗೋಪಾಲ ಪುಟ್ಟಕ್ಕನನ್ನು ಬಿಟ್ಟು ರಾಜೇಶ್ವರಿಯ ಜೊತೆ ಬೇರೆ ಸಂಸಾರ ಹೂಡುತ್ತಾನೆ. ಪುಟ್ಟಕ್ಕ ದೇವಿಪುರವೆಂಬ ಊರಿನಲ್ಲಿ ಮೆಸ್ ನಡೆಸುತ್ತ ಸಹನಾ, ಸ್ನೇಹಾ, ಸುಮಾ ಎಂಬ ಮೂವರನ್ನು ಸಾಕುತ್ತಾಳೆ. ಗಂಡ ಅವಳನ್ನು ಬಿಟ್ಟಿದ್ದಾನೆ. ಆದರೆ ಆ ಮದುವೆ ಮುಗಿದಿಲ್ಲ. ಮನೆ ಎರಡಾದ ಮೇಲೂ ವರ್ಷಗಟ್ಟಲೆ ಉಳಿದುಕೊಂಡ ಮದುವೆಯೊಂದನ್ನು ಕನ್ನಡ ಕಿರುತೆರೆ ಇಷ್ಟು ದೀರ್ಘವಾಗಿ ಹಿಡಿದದ್ದು ಅಪರೂಪ. ನೋಡುಗರು ಎರಡು ಪಕ್ಷವಾಗಿ ನಿಂತದ್ದೂ ಈ ಮದುವೆಯ ವಿಷಯದಲ್ಲೇ.

ಶುರುವಿನ ವರ್ಷದಲ್ಲಿ ಧಾರಾವಾಹಿ ಟಿಆರ್‌ಪಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಟಿಆರ್‌ಪಿ ಎಷ್ಟು ಮನೆಗಳಲ್ಲಿ ಯಾವ ವಾಹಿನಿ ಹಚ್ಚಿದ್ದರು ಎಂಬುದನ್ನಷ್ಟೇ ಅಳೆಯುತ್ತದೆ. ಹಚ್ಚಿಕೊಂಡು ಕೂತವರು ಏನು ಬೈದರು, ಎಲ್ಲಿ ಸುಮ್ಮನಾದರು ಎಂಬುದು ಆ ಎಣಿಕೆಗೆ ಸಿಗುವುದಿಲ್ಲ. ಇಷ್ಟು ಜನ ನೋಡಿದ ಧಾರಾವಾಹಿಯ ಬಗ್ಗೆ ಬರೆದದ್ದೆಲ್ಲ ಬಹುತೇಕ ನಟನಟಿಯರ ಸುದ್ದಿಯಾಗಿ ಉಳಿದದ್ದು ಕನ್ನಡ ವಿಮರ್ಶೆಗೆ ನಷ್ಟವೇ ಸರಿ.

ನೋಡುಗರ ಒಡಕು ಇಂತಿದೆ. ಒಂದು ಪಕ್ಷಕ್ಕೆ ಪುಟ್ಟಕ್ಕ ಗಟ್ಟಿಗಿತ್ತಿ. ಗಂಡ ಹೋದನೆಂದು ಅವಳು ತವರಿಗೆ ಮರಳಲಿಲ್ಲ, ಊರು ಬಿಡಲಿಲ್ಲ, ಯಾರ ಮುಂದೆಯೂ ಕೈಚಾಚಲಿಲ್ಲ. ಅವನ ಕಣ್ಣೆದುರೇ ಮೂವರನ್ನು ಬೆಳೆಸಿದಳು. ತಾಳಿ ಉಳಿಸಿಕೊಂಡದ್ದು ಅವನ ಮೇಲಿನ ಮೋಹದಿಂದಲ್ಲ, ತನ್ನ ಹಕ್ಕು ಬಿಟ್ಟುಕೊಡಬಾರದೆಂದು. ಇನ್ನೊಂದು ಪಕ್ಷಕ್ಕೆ ಅದೇ ತಾಳಿ ಸಹಿಸಲಾಗದ ವಸ್ತು. ಹೆಣ್ಣು ಹೆತ್ತದ್ದೇ ತಪ್ಪೆಂದು ಬಿಟ್ಟುಹೋದವನನ್ನು ಈಗಲೂ ‘ಅವರು’ ಎಂದು ಕರೆಯುವ, ಅವನಿಗೆ ಕೇಡಾದರೆ ಕಣ್ಣೀರಿಡುವ ಹೆಂಗಸನ್ನು ಆದರ್ಶವೆಂದು ತೋರಿಸಿದರೆ ಮನೆಯ ಹೆಣ್ಣುಮಕ್ಕಳು ಏನು ಕಲಿಯಬೇಕು ಎಂಬುದು ಆ ಪಕ್ಷದ ಪ್ರಶ್ನೆ. ಇವೆರಡರ ನಡುವೆ, ಗೋಪಾಲ ಪಶ್ಚಾತ್ತಾಪಪಟ್ಟಿದ್ದಾನೆ, ವಯಸ್ಸೂ ಆಗಿದೆ, ಒಂದಾಗಲಿ ಬಿಡಿ ಎನ್ನುವವರು. ಇವರ ಸಂಖ್ಯೆ ಕಡಿಮೆಯಲ್ಲ, ಇವರ ಮಾತನ್ನು ಬರೀ ಮುಗ್ಧತೆಯೆಂದು ತಳ್ಳಿಹಾಕುವಂತೆಯೂ ಇಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ಈ ಮೂರು ಮಾತಿಗೂ ಬೇರೆಯೇ ತೂಕ ಬರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ರಾಯಚೂರಿನಿಂದ ಬಿಡಿಸಿ 1997ರಲ್ಲಿ ಕಟ್ಟಿದ ಜಿಲ್ಲೆ ಇದು. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 13,89,920. ಹೆಣ್ಣುಮಕ್ಕಳ ಸಾಕ್ಷರತೆ ಶೇ. 58ರ ಆಸುಪಾಸು, ಗಂಡಸರದು ಅದಕ್ಕಿಂತ ಸುಮಾರು 20 ಅಂಶ ಹೆಚ್ಚು. ಓದು ಬಾರದ ತಾಯಿ, ಕಾಲೇಜು ಕಲಿತ ಮಗಳು ಒಂದೇ ಪಡಸಾಲೆಯಲ್ಲಿ ಕೂತು ಒಂದೇ ಧಾರಾವಾಹಿ ನೋಡುತ್ತಾರೆ. ಒಡಕು ಓಣಿ ಓಣಿಗಳ ನಡುವೆ ಇರಬೇಕಾಗಿಲ್ಲ, ಒಂದೇ ಮನೆಯೊಳಗೇ ಇರಬಹುದು.

ಎರಡನೆಯ ಹೆಂಡತಿ ಎಂಬುದು ಈ ಸೀಮೆಗೆ ತೀರಾ ಹಳೆಯ ಕಥೆಯೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಹುಬ್ಬಳ್ಳಿ, ಧಾರವಾಡ, ವಿಜಯಪುರ ಮುಂಬಯಿ ಪ್ರಾಂತದಲ್ಲಿದ್ದವು. ಹೆಂಡತಿ ಇದ್ದೂ ಮತ್ತೊಂದು ಮದುವೆಯಾಗುವುದನ್ನು ಹಿಂದೂಗಳಿಗೆ ನಿಷೇಧಿಸುವ ಕಾಯ್ದೆ ಅಲ್ಲಿ 1946ರಲ್ಲೇ ಬಂತು. ಕೊಪ್ಪಳ ಆಗ ನಿಜಾಮನ ಹೈದರಾಬಾದಿನೊಳಗೆ ಸಾಲಾರ್ ಜಂಗ್ ಜಹಗೀರು. ಇಲ್ಲಿನ ಹೆಂಡತಿಗೆ ಆ ರಕ್ಷಣೆ ಸಿಕ್ಕಿದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ಗಂಡು ಸಂತಾನಕ್ಕೆಂದು ಎರಡನೆಯ ಮದುವೆ ಮಾಡಿಕೊಂಡ ಮುತ್ತಜ್ಜ ಈ ಭಾಗದ ಎಷ್ಟೋ ವಂಶಾವಳಿಗಳಲ್ಲಿ ಇದ್ದಾನೆ. ಬಿಡುವ, ಕೂಡುವ ದಾರಿಗಳೂ ಇದ್ದವು. ಹಿರಿಯರು ಕೂತು ನ್ಯಾಯ ಮಾಡಿ ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ಬರೆಸುತ್ತಿದ್ದರು. ಹಲವು ಸಮುದಾಯಗಳಲ್ಲಿ ಗಂಡ ಸತ್ತ ಅಥವಾ ಬಿಟ್ಟ ಹೆಣ್ಣಿಗೆ ಉಡಿಕೆಯ ಮದುವೆ ಇತ್ತು. ಬಿಟ್ಟ ಹೆಂಡತಿ ಕೊನೆಯತನಕ ಅದೇ ಗಂಡನ ಹೆಸರಿನಲ್ಲಿ ಬಾಳಬೇಕೆಂಬುದು ಎಲ್ಲರ ಸಂಪ್ರದಾಯವಾಗಿರಲಿಲ್ಲ. ಧಾರಾವಾಹಿ ಪುಟ್ಟಕ್ಕನ ನಡೆಯನ್ನು ಸಂಪ್ರದಾಯವೆಂದೇ ತೋರಿಸುವಾಗ ಆ ಸಂಪ್ರದಾಯ ಯಾರದು ಎಂದು ಕೇಳಲೇಬೇಕಾಗುತ್ತದೆ. ಹಳ್ಳಿ ಎಂದರೆ ತಾಳಿ, ಪೇಟೆ ಎಂದರೆ ವಿಚ್ಛೇದನ ಎಂಬ ಸುಲಭದ ಗೆರೆ ಇಲ್ಲಿ ನಿಲ್ಲುವುದಿಲ್ಲ.

ಈ ಭಾಗದಲ್ಲಿ ಮೆಸ್‌ಗೆ ಖಾನಾವಳಿ ಎನ್ನುತ್ತಾರೆ. ಪುಟ್ಟಕ್ಕನನ್ನು ಇಲ್ಲಿಯವರು ಹತ್ತಿರದಿಂದ ಬಲ್ಲರು ಎಂದರೆ ಅದಕ್ಕೆ ದೊಡ್ಡ ಕಾರಣ ಖಾನಾವಳಿ. ಸಂಜೆ ಏಳರ ಹೊತ್ತಿಗೆ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಇಂಥ ಒಂದು ಖಾನಾವಳಿ ಹೊಕ್ಕರೆ ಕಾಣುವುದು ಇದು: ಒಲೆಯ ಮುಂದೆ ಒಬ್ಬಾಕೆ ಕೂತು ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಉಂಡೆ ಮಾಡಿ, ಎರಡೂ ಅಂಗೈಯಿಂದ ಬಡಿಯುತ್ತಾಳೆ. ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚುವಷ್ಟರಲ್ಲಿ ಮುಂದಿನ ಉಂಡೆ ಕೈಯಲ್ಲಿರುತ್ತದೆ. ಗೋಡೆಯ ಮೇಲಿನ ಟಿವಿಯತ್ತ ಅವಳು ತಲೆ ಎತ್ತುವುದು ಕಡಿಮೆ. ಮಾತು ಕಿವಿಗೆ ಬೀಳುತ್ತದೆ, ಕೈ ನಿಲ್ಲುವುದಿಲ್ಲ. ಊಟಕ್ಕೆ ಕೂತವರ ತಟ್ಟೆಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಈ ಕೆಲಸದಲ್ಲಿರುವ ಹೆಂಗಸರಲ್ಲಿ ಗಂಡ ಸತ್ತವರು, ಗಂಡ ಬಿಟ್ಟವರು, ಗಂಡ ಇದ್ದೂ ಮನೆ ನಡೆಸಬೇಕಾದವರು ಎಲ್ಲ ಇರುತ್ತಾರೆ. ರೊಟ್ಟಿ ಬಡಿದು ಮಕ್ಕಳನ್ನು ಓದಿಸುವುದು ಇಲ್ಲಿ ಕಥೆಗಾರ ಕಟ್ಟಿದ ಕಲ್ಪನೆಯಲ್ಲ, ಪಕ್ಕದ ಮನೆಯ ಸಂಗತಿ.

ಉಮಾಶ್ರೀ ಅವರ ಅಭಿನಯ ನಿಲ್ಲುವುದು ಈ ನೆಲದ ಮೇಲೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುವ ರೀತಿ, ಬಡಿಸುತ್ತಲೇ ಬಾಗಿಲ ಕಡೆ ಒಂದು ಕಣ್ಣಿಡುವುದು, ಸಿಟ್ಟು ಬಂದಾಗ ಮಾತಿಗಿಂತ ಮೊದಲು ಪಾತ್ರೆ ಸದ್ದಾಗುವುದು: ಬರಹಗಾರರು ಕೊಟ್ಟ ಮಾತಿಗಿಂತ ಆಕೆಯ ಮೈ ಹೆಚ್ಚು ಹೇಳುತ್ತದೆ. ರಂಗಭೂಮಿಯಲ್ಲಿ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾಗಿ ಹೆಸರಾದ ಕಲಾವಿದೆ ಅವರು; ತೇರದಾಳದ ಶಾಸಕಿಯಾಗಿ, 2013ರಿಂದ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯಾಗಿ ಉತ್ತರ ಕರ್ನಾಟಕದ ಜನ ಅವರನ್ನು ಕಂಡಿದ್ದರು. ಪುಟ್ಟಕ್ಕನ ಕಡೆಯವರು ಆಕೆಯನ್ನು ಬಲಹೀನಳೆಂದು ಒಪ್ಪದಿರಲು ಈ ಮುಖದ ನೆನಪೂ ಒಂದು ಕಾರಣ. ಅಡುಗೆಮನೆಯ ದೃಶ್ಯಗಳಲ್ಲಿ ಧಾರಾವಾಹಿ ತನ್ನ ಅತ್ಯುತ್ತಮ ಮಟ್ಟ ಮುಟ್ಟುತ್ತದೆ. ಅಲ್ಲಿ ಪುಟ್ಟಕ್ಕ ಬಿಟ್ಟ ಹೆಂಡತಿಯಲ್ಲ, ಒಂದು ಉದ್ಯೋಗದ ಒಡತಿ.

ಧಾರಾವಾಹಿ ಸೋಲುವುದು ಗೋಪಾಲನಲ್ಲಿ. ಈ ಪಾತ್ರ ಮಾಡಿದ ರಮೇಶ್ ಪಂಡಿತ್ ಅನುಭವಿ ನಟ. ಸಣ್ಣ ಧ್ವನಿ, ತಗ್ಗಿದ ಭುಜ, ಪುಟ್ಟಕ್ಕ ಎದುರಾದಾಗ ದಿಟ್ಟಿ ತಪ್ಪಿಸುವುದು, ಇಷ್ಟರಲ್ಲೇ ಅಪರಾಧಿ ಭಾವವನ್ನು ತರುತ್ತಾರೆ. ಆದರೆ ಕಥೆ ಈ ಮನುಷ್ಯನ ಕೃತ್ಯವನ್ನು ಅವನ ಕೈಯಿಂದ ಮೆಲ್ಲನೆ ಬಿಡಿಸಿ ರಾಜೇಶ್ವರಿಯ ತಲೆಗೆ ಕಟ್ಟುತ್ತದೆ. ಸಂಚು ಅವಳದು, ಕೆಟ್ಟ ಮಾತು ಅವಳದು, ದುಡ್ಡಿನಾಸೆ ಅವಳದು. ಗಂಡು ಮಗು ಬೇಕೆಂದು ಹೆಂಡತಿಯನ್ನು ಬಿಟ್ಟ ನಿರ್ಧಾರ ಯಾರದು ಎಂಬ ಪ್ರಶ್ನೆ ಇಬ್ಬರು ಹೆಂಗಸರ ಜಗಳದಲ್ಲಿ ಮರೆಯಾಗುತ್ತದೆ. ಕೊನೆಗೆ ಉಳಿಯುವ ಗೋಪಾಲ ಕೆಟ್ಟವಳ ಕೈಗೆ ಸಿಕ್ಕ ಒಳ್ಳೆಯವ. ಒಂದಾಗಲಿ ಬಿಡಿ ಎನ್ನುವ ಮೂರನೆಯ ಪಕ್ಷ ಹುಟ್ಟಿದ್ದು ಹೀಗೆ. ಕಥೆಯೇ ಅವನ ತಪ್ಪನ್ನು ತೊಳೆದು ಮುಂದಿಟ್ಟಿರುವಾಗ ಕ್ಷಮಿಸುವುದು ಸಹಜವಾಗಿ ಕಾಣುತ್ತದೆ. ಈ ನೋಡುಗರ ಕರುಣೆ ನಿಜವಾದದ್ದು. ಆ ಕರುಣೆಯನ್ನು ಪಡೆದ ಬಗೆಯಲ್ಲಿ ಮೋಸವಿದೆ.

ಇದೇ ವಿಷಯವನ್ನು ಬೇರೆ ರೀತಿ ಹಿಡಿದ ಉದಾಹರಣೆ ಈ ಭಾಗದಲ್ಲೇ ಇದೆ. ಶ್ರೀಕೃಷ್ಣ ಪಾರಿಜಾತ ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ರಾತ್ರಿಯಿಡೀ ಆಡಿದ ಆಟ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ ಇವರ ಹೆಸರಿನೊಂದಿಗೆ ಬೆಳೆದದ್ದು, ಕೌಜಲಗಿ ನಿಂಗಮ್ಮನವರ ದನಿಯಿಂದ ಮನೆಮಾತಾದದ್ದು. ಅದರ ತಿರುಳೂ ಇಬ್ಬರು ಹೆಂಡಿರ ಗಂಡನದೇ: ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಇಲ್ಲಿ ಮುನಿಸು ಸವತಿಯ ಮೇಲಿಗಿಂತ ಗಂಡನ ಮೇಲೆ. ಉತ್ತರ ಕೊಡಬೇಕಾದವನು ಕೃಷ್ಣ. ದೇವರಾದರೂ ಬಾಗಿಲಲ್ಲಿ ನಿಂತು ಗೋಗರೆಯಬೇಕು, ಮಾತು ಕೇಳಿಸಿಕೊಳ್ಳಬೇಕು. ಇದೇ ಕಥೆಯನ್ನು ತೆಲುಗಿನಲ್ಲಿ ಕಾವ್ಯ ಮಾಡಿದ ನಂದಿ ತಿಮ್ಮನ ಕೃಷ್ಣದೇವರಾಯನ ಆಸ್ಥಾನದವನು. ಅರಸನಿಗೂ ರಾಣಿಗೂ ಮನಸ್ತಾಪವಾದಾಗ ಅದನ್ನು ಬಿಡಿಸಲು ಬರೆದನೆಂಬ ಐತಿಹ್ಯವಿದೆ. ಆ ಆಸ್ಥಾನವಿದ್ದ ಹಂಪೆಗೆ ಎದುರು ದಂಡೆಯಲ್ಲಿ, ಇಂದಿನ ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿ ಇದೆ. ಪಾರಿಜಾತದಲ್ಲಿ ಹೆಂಡತಿಯ ಸಿಟ್ಟಿಗೆ ರಂಗದ ನಟ್ಟನಡುವೆ ಜಾಗ ಸಿಕ್ಕಿತು. ‘ಪುಟ್ಟಕ್ಕನ ಮಕ್ಕಳು’ ಆ ಸಿಟ್ಟನ್ನು ಪುಟ್ಟಕ್ಕನಿಂದ ತೆಗೆದು ನಡುವಿನ ಮಗಳು ಸ್ನೇಹಾಳಿಗೆ ಕೊಟ್ಟಿತು. ತಾಯಿ ಸಹಿಸುವವಳು, ಮಗಳು ಸಿಡಿಯುವವಳು. ಹೀಗೆ ಹಂಚಿದ್ದರಿಂದ ಮನೆಮನೆಯಲ್ಲಿ ತಾಯಂದಿರು ಒಂದು ಕಡೆ, ಹೆಣ್ಣುಮಕ್ಕಳು ಒಂದು ಕಡೆ ವಾಲಿದರು. ನೋಡುಗರ ಒಡಕನ್ನು ಅಷ್ಟರಮಟ್ಟಿಗೆ ಧಾರಾವಾಹಿಯೇ ಕಟ್ಟಿಕೊಟ್ಟಿದೆ.

ಸ್ನೇಹಾ ಕಲಿತ ಹುಡುಗಿ, ಮುಂದೆ ಜಿಲ್ಲಾಧಿಕಾರಿಯೂ ಆಗುತ್ತಾಳೆ. ಹೀಗಿರುವಾಗ ಕಾನೂನಿನ ಒಂದು ಅಂಶ ಎದ್ದು ಕಾಣುತ್ತದೆ. ಹಿಂದೂಗಳಲ್ಲಿ ಮೊದಲ ಮದುವೆ ಊರ್ಜಿತವಿರುವಾಗ ಆದ ಎರಡನೆಯ ಮದುವೆ ಅಸಿಂಧು, ಶಿಕ್ಷಾರ್ಹ ಅಪರಾಧ. ಭಾರತೀಯ ದಂಡ ಸಂಹಿತೆಯ 494ನೇ ಕಲಂ, 2024ರ ಜುಲೈಯಿಂದ ನ್ಯಾಯ ಸಂಹಿತೆಯ 82ನೇ ಕಲಂ, ಏಳು ವರ್ಷದವರೆಗೆ ಶಿಕ್ಷೆ. ನೊಂದವರ ಕಡೆಯಿಂದ ದೂರು ಬಾರದೆ ನ್ಯಾಯಾಲಯ ಇದನ್ನು ಕೈಗೆತ್ತಿಕೊಳ್ಳುವುದಿಲ್ಲ. ಆದರೆ ಹೆಂಡತಿಯೇ ದೂರು ಕೊಡಬೇಕೆಂದಿಲ್ಲ. ಅವಳ ಪರವಾಗಿ ತಂದೆ, ತಾಯಿ, ಒಡಹುಟ್ಟಿದವರು, ಮಗ ಅಥವಾ ಮಗಳು ಕೊಡಬಹುದು. ತಾಯಿ ಬಾಯಿ ಬಿಡದ ಮನೆಯಲ್ಲಿ ಮಗಳಿಗೆ ಕಾನೂನು ತೆರೆದಿಟ್ಟ ಬಾಗಿಲಿದು. ತಾಯಿ ಬೇಡವೆಂದರೂ ಮಗಳು ದೂರು ಬರೆಯಬೇಕೇ, ಬರೆದರೆ ಜೈಲಿಗೆ ಹೋಗುವವನು ಹೆತ್ತ ತಂದೆ: ಇದಕ್ಕಿಂತ ದೊಡ್ಡ ಸಂಕಟ ಕಥೆಗಾರನಿಗೆ ಬೇರೆ ಬೇಕಿರಲಿಲ್ಲ. ಆದರೆ ಕಥೆಯ ಶಕ್ತಿಯನ್ನು ಹೆಚ್ಚಾಗಿ ಸಂಚುಗಳೇ ನುಂಗಿದವು.

ಆಸ್ತಿಯ ವಿಷಯವೂ ಹಾಗೆಯೇ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಭತ್ತ ಬೆಳೆಯುವ ಹೊಲಕ್ಕೆ ಭಾರೀ ಬೆಲೆ. ಅಲ್ಲಿ ಎರಡು ಸಂಸಾರವೆಂದರೆ ನಾಳೆಯ ಪಾಲಿನ ಮಾತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. 2005ರಲ್ಲಿ ದೇಶಕ್ಕೆಲ್ಲ ಬಂತು. ಅಸಿಂಧು ಮದುವೆಯ ಮಕ್ಕಳಿಗೂ ತಂದೆಯ ಪಾಲಿನಲ್ಲಿ ಹಕ್ಕುಂಟೆಂದು, ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು ಹೇಳಿತು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದಲ್ಲಿ ಮಳೆ ಕೈಕೊಟ್ಟ ವರ್ಷ ಜನ ಮಂಗಳೂರಿಗೋ ಗೋವೆಗೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ. ಅಲ್ಲಿ ಪ್ರಶ್ನೆ ಹೊಲಕ್ಕಿಂತ ಒಲೆಯದು, ದುಡಿದದ್ದನ್ನು ಯಾವ ಮನೆಗೆ ಕಳಿಸುತ್ತಾನೆ ಎಂಬುದು. 2023ರ ಆಗಸ್ಟ್‌ನಿಂದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ರೇಷನ್ ಕಾರ್ಡಿನ ಯಜಮಾನಿಗೆ ಸಲ್ಲತೊಡಗಿದ ಮೇಲೆ ಕಾರ್ಡಿನಲ್ಲಿ ಯಾರ ಹೆಸರಿದೆ ಎಂಬುದಕ್ಕೂ ತೂಕ ಬಂತು. ತಾಳಿ ಇರಲಿ ಬಿಡಿ, ಕಾಗದ ಯಾರ ಹೆಸರಿನಲ್ಲಿದೆ ಎಂದು ಕೇಳುವ ನೋಡುಗರು ಪಾತ್ರಗಳಿಗಿಂತ ಮುಂದೆ ಯೋಚಿಸಿದವರು. ಮೊದಲೆರಡು ಪಕ್ಷಗಳ ಜಗಳ ತಾಳಿಯ ಮೇಲೇ ನಿಂತುಹೋದದ್ದಕ್ಕೆ ಕಾರಣ, ಧಾರಾವಾಹಿ ತಾಳಿಯನ್ನು ಎತ್ತಿ ತೋರಿಸಿ ಪಹಣಿಯನ್ನು ಹಿಂದೆ ಇಟ್ಟದ್ದು.

ದಾಂಪತ್ಯದ ಕಾಲವನ್ನು ತೋರಿಸುವುದು ಇನ್ನೂ ಕಷ್ಟದ ಕೆಲಸ. ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ 1973ರಲ್ಲಿ ಅಲ್ಲಿನ ಟಿವಿಗೆ ಮಾಡಿದ ‘ಸೀನ್ಸ್ ಫ್ರಮ್ ಎ ಮ್ಯಾರೇಜ್’ ಆರೇ ಕಂತಿನದು. ಗಂಡ ಹೆಂಡತಿ ಇಬ್ಬರು, ಒಂದೆರಡು ಕೋಣೆ, ಮಾತು. ಕಂತಿನಿಂದ ಕಂತಿಗೆ ವರ್ಷಗಳು ಉರುಳುತ್ತವೆ, ಇಬ್ಬರೂ ಬದಲಾಗುತ್ತಾರೆ. ‘ಪುಟ್ಟಕ್ಕನ ಮಕ್ಕಳು’ ವರ್ಷಗಟ್ಟಲೆ, ನೂರಾರು ಕಂತು ನಡೆದರೂ ಪುಟ್ಟಕ್ಕ–ಗೋಪಾಲರ ನಡುವೆ ಹೊಸದಾಗಿ ಆಡಿದ ಮಾತು ಕಡಿಮೆ. ಅಪಹರಣ, ಅಪಘಾತ, ಗುಟ್ಟು ಬಯಲಾಗುವುದು, ಹಿರಿಮಗಳು ಸಹನಾಳ ಅತ್ತೆಮನೆಯ ಕಾಟ, ಇವೆಲ್ಲ ಆಗುತ್ತವೆ. ಗಂಡ ಹೆಂಡತಿ ಎದುರುಬದುರು ಕೂತು, ನೀನು ಹೋದ ರಾತ್ರಿ ನಾನು ಏನು ಮಾಡಿದೆ ಗೊತ್ತೇ ಎಂದು ಕೇಳುವಂಥ ಗಳಿಗೆಗೆ ಎಡೆ ಸಿಗುವುದಿಲ್ಲ. ಉದ್ದ ಇದೆ, ಕಾಲ ಇಲ್ಲ. ಸಾಲದ ಬಡ್ಡಿಯಂತೆ ಘಟನೆಗಳು ಬೆಳೆದವೇ ಹೊರತು ಅಸಲು ಕರಗಲಿಲ್ಲ.

ಕನ್ನಡದಲ್ಲಿ ಇದು ಆಗದ ಕೆಲಸವಲ್ಲ ಎಂಬುದಕ್ಕೆ ಸಾಕ್ಷಿ ಇದೇ ನಟಿಯ ಇನ್ನೊಂದು ಪಾತ್ರ. ವೈದೇಹಿ ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’ನಲ್ಲಿ ಉಮಾಶ್ರೀ ಸೂಲಗಿತ್ತಿ ಗುಲಾಬಿ, ಗಂಡ ಮೂಸಾ ಇನ್ನೊಬ್ಬಳ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ಆ ಅಭಿನಯಕ್ಕೆ 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಗುಲಾಬಿಯ ಗುಡಿಸಲಿಗೆ ಬಣ್ಣದ ಟಿವಿ ಬರುತ್ತದೆ, ಕೇರಿಯ ಹೆಂಗಸರು ನೋಡಲು ಕೂಡುತ್ತಾರೆ. ಬಿಟ್ಟುಹೋದ ಗಂಡ ಅಲ್ಲಿ ಸಂಚಿನ ಬಲಿಯಲ್ಲ, ತನ್ನ ಅನುಕೂಲ ನೋಡಿಕೊಂಡ ಸಾಧಾರಣ ಮನುಷ್ಯ. ಅದಕ್ಕೇ ಗುಲಾಬಿಯ ಒಂಟಿತನ ಕೊರೆಯುತ್ತದೆ. ಆ ಚಿತ್ರದಲ್ಲಿ ಟಿವಿ ನೋಡುವವಳಾಗಿದ್ದ ಕಲಾವಿದೆ ವರ್ಷಗಳ ನಂತರ ಟಿವಿಯೊಳಗಿನಿಂದ ಅಂಥದೇ ಗುಡಿಸಲುಗಳತ್ತ ನೋಡುವಂತಾದಳು. ಪಾತ್ರದ ಹುರುಳು ಮಾತ್ರ ಅಷ್ಟರಲ್ಲಿ ತೆಳುವಾಗಿತ್ತು.

ಬೇರೆ ಧಾರಾವಾಹಿಗಳ ಜೊತೆ ಇಟ್ಟು ನೋಡಿದರೆ ಪುಟ್ಟಕ್ಕನ ವಿಶೇಷವೂ ತಿಳಿಯುತ್ತದೆ. ಬಂಗಾಳಿಯ ‘ಶ್ರೀಮಯಿ’ ಮರಾಠಿ, ಮಲಯಾಳಂ, ತೆಲುಗು, ತಮಿಳು, ಹಿಂದಿಗಳಲ್ಲೂ ಹರಡಿದ ಕಥೆ. ಕನ್ನಡದಲ್ಲಿ ಸ್ಟಾರ್ ಸುವರ್ಣದ ‘ಇಂತಿ ನಿಮ್ಮ ಆಶಾ’ ಆಗಿ ಬಂತು. ಕಲರ್ಸ್ ಕನ್ನಡದಲ್ಲಿ 2022ರಲ್ಲಿ ಶುರುವಾದ ‘ಭಾಗ್ಯಲಕ್ಷ್ಮಿ’ಯ ಭಾಗ್ಯ, ಗಂಡ ತಾಂಡವ್‌ನ ತಿರಸ್ಕಾರ ಉಂಡವಳು, ಮಗಳು ಓದುವ ಹೊತ್ತಿನಲ್ಲಿ ತಾನೂ ಹತ್ತನೆಯ ತರಗತಿ ಕಟ್ಟುತ್ತಾಳೆ, ಅತ್ತೆ ಕುಸುಮಾ ಮಗನನ್ನು ಬಿಟ್ಟು ಸೊಸೆಯ ಕಡೆ ನಿಲ್ಲುತ್ತಾಳೆ. ಈ ಕಥೆಗಳಲ್ಲಿ ಹೆಂಡತಿ ಮೊದಲು ಮನೆಯೊಳಗೆ ಸವೆದು ಆಮೇಲೆ ದುಡಿಮೆಗೆ ಇಳಿಯುತ್ತಾಳೆ. ಪುಟ್ಟಕ್ಕ ಮೊದಲ ದಿನದಿಂದ ದುಡಿಯುವವಳು. ಪೇಟೆಯ ಮಧ್ಯಮವರ್ಗಕ್ಕೆ ಬಿಡುಗಡೆಯಾಗಿ ಕಂಡ ದುಡಿಮೆ, ಕಳೆ ಕೀಳಲು, ಭತ್ತ ನಾಟಿ ಮಾಡಲು ಮೊದಲಿನಿಂದ ಹೋಗುತ್ತಿರುವ ಹೆಂಗಸಿಗೆ ಬಿಡುಗಡೆಯ ಗುರುತಾಗಿ ಕಾಣಬೇಕಿಲ್ಲ. ಈ ಸೀಮೆಯಲ್ಲಿ ಪುಟ್ಟಕ್ಕನಿಗೆ ಸಿಕ್ಕ ಒಲವಿಗೆ ಇದು ಆಧಾರ.

ಭಾಷೆಯ ಮಾತನ್ನೂ ಬಿಡುವಂತಿಲ್ಲ. ದೇವಿಪುರದ ಕನ್ನಡ ಹಳೆ ಮೈಸೂರಿನ ಹಳ್ಳಿಯದು. ಅವ್ವ, ಯಪ್ಪಾ, ಬಾಳೇವು, ಸೋಡಚೀಟಿ ಎನ್ನುವವರು ಈ ಕನ್ನಡವನ್ನು ತೊಡಕಿಲ್ಲದೆ ತಿಳಿಯುತ್ತಾರೆ, ಆದರೆ ಅದು ತಮ್ಮ ಮನೆಯ ಮಾತಲ್ಲವೆಂದೂ ಬಲ್ಲರು. ಉತ್ತರ ಕರ್ನಾಟಕದ ಮಾತು ಕಿರುತೆರೆಯಲ್ಲಿ ಹಾಸ್ಯಪಾತ್ರಗಳ ಪಾಲಿಗೆ ಬರುವುದೇ ಹೆಚ್ಚು. ದುಃಖಪಡುವ ಹೆಂಡತಿಗೆ ಕೊಪ್ಪಳದ ಮಾತು ಕೊಡುವ ಧಾರಾವಾಹಿ ಬೇಕಾಗಿದೆ. ಸಿಟ್ಟಿನ ಗಳಿಗೆಯಲ್ಲಿ ಆ ಮಾತಿನ ಮೊನಚೇ ಬೇರೆ.

2024ರ ಕೊನೆಯ ಹೊತ್ತಿಗೆ ಸ್ನೇಹಾ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಧಾರಾವಾಹಿಯಿಂದ ಹೊರಬಂದರು. ಕಥೆಯಲ್ಲಿ ಸ್ನೇಹಾ ಸತ್ತಳು, ಅದೇ ಹೆಸರಿನ ಇನ್ನೊಂದು ಪಾತ್ರ ಬಂತು. ನೋಡುಗರ ಸಿಟ್ಟು ಜೋರಾಗಿತ್ತು. ಮೆಚ್ಚಿನ ನಾಯಕಿ ಹೋದಳೆಂಬ ಬೇಸರ ಒಂದು ಕಡೆ. ದಾಂಪತ್ಯದ ಕಥೆಯಾಗಿ ನೋಡಿದರೆ ಪೆಟ್ಟು ಇನ್ನೂ ಆಳದ್ದು: ತಾಯಿ ಆಡದ ಮಾತನ್ನು ತಂದೆಯ ಮುಖಕ್ಕೆ ಆಡಬಲ್ಲವಳೆಂದು ಕಥೆ ಬೆಳೆಸಿದ್ದ ಮಗಳು ಅವಳೇ. ಅವಳ ನಂತರ ಗೋಪಾಲನಿಂದ ಉತ್ತರ ಕೇಳುವ ಕೆಲಸಕ್ಕೆ ತೆರೆಯ ಮೇಲೆ ಅಷ್ಟೇ ಗಟ್ಟಿ ದನಿ ಉಳಿಯಲಿಲ್ಲ. ಆ ಪ್ರಶ್ನೆ ಕೇಳಬೇಕಾದವರು ಈಗ ಟಿವಿಯ ಈಚೆ, ಹಂಚಿನ ಮುಂದೆ ಕೂತ ತಾಯಿ ಮತ್ತು ಪುಸ್ತಕ ಹಿಡಿದು ಅವಳ ಪಕ್ಕ ಕೂತ ಮಗಳು.